ನೀರಿನ ನೆಲೆಗಳ ನೆರೆಭೂಮಿಯಲ್ಲಿ ಸೇರುವ ಲೋಹಗಳು

(ವಿಜಯಪುರ ನಗರದ ಸುತ್ತಣ ಹಾಗೂ ತಿಕೋಟಾ, ಬಬಲೇಶ್ವರ ತಾಲೂಕುಗಳ ಗ್ರಾಮದ ಹಿರಿಯರಿಗೂ ಜಮೀನುದಾರರಿಗೂ ತಿಳಿವಳಿಕೆ)

ಬಾವಿಯ ನೀರು ಕೆಟ್ಟಿದೆಯೆಂಬ ಸಂಶಯ ಬಂದರೆ ನಮ್ಮ ಹಳ್ಳಿಗರು ಮೊದಲು ಅದರ ಬಣ್ಣವನ್ನು ನೋಡುವರು. ತರುವಾಯ ವಾಸನೆಯನ್ನು, ಕಡೆಗೆ ರುಚಿಯನ್ನು. ಪಾಚಿ, ಕೊಳೆತ ಎಲೆ, ಸತ್ತ ಪ್ರಾಣಿ, ಸವಳು, ಇವುಗಳ ಮಟ್ಟಿಗೆ ಈ ಪರೀಕ್ಷೆ ಸಾಕಾಗುವದು. ಆದರೆ ಸೀಸ, ಕ್ಯಾಡ್ಮಿಯಂ, ಆರ್ಸೆನಿಕ್ ಎಂಬ ಪಾಷಾಣ, ಪಾದರಸ ಮೊದಲಾದವು ನೀರಿನಲ್ಲಿ ಸೇರಿದರೆ ಕಣ್ಣಿಗಾಗಲಿ ಮೂಗಿಗಾಗಲಿ ನಾಲಿಗೆಗಾಗಲಿ ಏನೂ ಗೊತ್ತಾಗುವದಿಲ್ಲ. ಕುಡಿಯುವ ನೀರಿಗೆ ಭಾರತೀಯ ಮಾನಕ ಸಂಸ್ಥೆಯು 2012ರಲ್ಲಿ ಪರಿಷ್ಕರಿಸಿದ ಪ್ರಮಾಣದ ಪ್ರಕಾರ ಒಂದು ಲೀಟರಿನಲ್ಲಿ ಸೀಸವು 0.01 ಮಿಲಿಗ್ರಾಮಿಗಿಂತ ಹೆಚ್ಚಿರಕೂಡದು. ಅಂದರೆ ಒಂದು ಗ್ರಾಮನ್ನು ಲಕ್ಷ ಪಾಲು ಮಾಡಿ ಅದರಲ್ಲಿ ಒಂದು ಪಾಲು. ಇಷ್ಟು ಸಣ್ಣ ಪ್ರಮಾಣವನ್ನು ಯಾವ ನಾಲಿಗೆಯು ಕಂಡುಹಿಡಿದೀತು?

ಇನ್ನೊಂದು ತಪ್ಪು ತಿಳಿವಳಿಕೆಯನ್ನು ಇಲ್ಲಿಯೇ ಹೇಳಿಬಿಡುವದು ಒಳಿತು. ನೀರನ್ನು ಕುದಿಸಿದರೆ ಎಲ್ಲ ದೋಷವೂ ಹೋಗುವದೆಂದು ಅನೇಕರು ನಂಬಿರುತ್ತಾರೆ. ಕುದಿಸಿದರೆ ಕ್ರಿಮಿಗಳು ಸಾಯುವವು, ಅದು ನಿಜ. ಲೋಹವಾದರೋ ಸಾಯುವ ವಸ್ತುವಲ್ಲ. ನೀರು ಆವಿಯಾಗಿ ಹೋದಷ್ಟೂ ಉಳಿದ ನೀರಿನಲ್ಲಿ ಲೋಹದ ಪ್ರಮಾಣವು ಹೆಚ್ಚುವದೇ ಹೊರತು ಕಡಿಮೆಯಾಗುವದಿಲ್ಲ. ಬಾವಿಗೆ ಬಿಳಿ ಪುಡಿ ಹಾಕುವದರಿಂದಲೂ ಇದೇ ಪರಿಣಾಮ: ಕ್ರಿಮಿಗಳಿಗೆ ಮದ್ದು, ಲೋಹಕ್ಕೆ ಅಲ್ಲ. ಮಣ್ಣಿನಲ್ಲಿಯೂ ಹಾಗೆಯೇ. ತಿಪ್ಪೆಯ ಗೊಬ್ಬರವು ಕೊಳೆತು ಮಣ್ಣಾಗುವದು. ಕೀಟನಾಶಕಗಳಲ್ಲಿ ಬಹಳಷ್ಟು ತಿಂಗಳುಗಳಲ್ಲಿಯೋ ವರ್ಷಗಳಲ್ಲಿಯೋ ಒಡೆದುಹೋಗುವವು. ಲೋಹವು ಮಾತ್ರ ತಂದೆಯು ಹಾಕಿದ್ದು ಮಗನ ಕಾಲಕ್ಕೂ ಅಲ್ಲಿಯೇ ಇರುವದು.

ಹೀಗೆ ಹೇಳಿದ್ದರಿಂದ ನಮ್ಮ ಭಾಗದ ಭೂಮಿಯೆಲ್ಲ ವಿಷವಾಗಿದೆಯೆಂದು ಯಾರೂ ತಿಳಿಯಬಾರದು. ನಮ್ಮ ಎರೆ ಭೂಮಿಯು ದಖ್ಖನದ ಕರಿಕಲ್ಲು ಸವೆದು ಆದದ್ದು. ಈ ಕಲ್ಲಿನಲ್ಲಿ ತಾಮ್ರ, ನಿಕ್ಕಲ್, ಕ್ರೋಮಿಯಂಗಳು ಹುಟ್ಟಿನಿಂದಲೇ ಸ್ವಲ್ಪ ಹೆಚ್ಚಾಗಿರುತ್ತವೆ. ಆದುದರಿಂದ ಅದರಿಂದಾದ ಮಣ್ಣಿನಲ್ಲಿಯೂ ಇರುತ್ತವೆ. ಅದು ಯಾರ ತಪ್ಪೂ ಅಲ್ಲ, ಅದರಿಂದ ಸಾಮಾನ್ಯವಾಗಿ ಬಾಧೆಯೂ ಇಲ್ಲ. ಏಕೆಂದರೆ ಎರೆಮಣ್ಣು ಜಿಗುಟಾದದ್ದು, ಸುಣ್ಣದ ಹರಳುಳ್ಳದ್ದು, ಕ್ಷಾರದ ಕಡೆಗೆ ವಾಲಿದ್ದು. ಇಂಥ ಮಣ್ಣು ಲೋಹವನ್ನು ಬಿಗಿಯಾಗಿ ಹಿಡಿದುಕೊಳ್ಳುವದು. ಮಳೆಯ ನೀರಿನೊಡನೆ ಕೆಳಗೆ ಇಳಿಯಗೊಡುವದಿಲ್ಲ.

ಕಲ್ಲು ಬೇರೆಯಾದರೆ ಪರಿಸ್ಥಿತಿಯೂ ಬೇರೆ. ಯಾದಗಿರಿ ಜಿಲ್ಲೆಯ ಸುರಪುರ ಸೀಮೆಯ ಕಿರದಳ್ಳಿ ತಾಂಡಾದ ಸಂಗತಿಯನ್ನು ಓದುಗರಲ್ಲಿ ಕೆಲವರು ಕೇಳಿರಬಹುದು. ಮಂಗಳೂರು ಎಂಬ ಹಳ್ಳಿಯ ಹಳೆಯ ಚಿನ್ನದ ಗಣಿಗಳಿರುವ ಆ ಪ್ರದೇಶದ ಕಲ್ಲಿನಲ್ಲಿ ಚಿನ್ನದ ಜೊತೆಗೆ ಪಾಷಾಣವೂ ಉಂಟು. ಅಲ್ಲಿಯ ಕೊಳವೆಬಾವಿಗಳ ನೀರನ್ನು ವರ್ಷಾನುಗಟ್ಟಲೆ ಕುಡಿದ ಜನರ ಚರ್ಮದ ಮೇಲೆ ಕಪ್ಪು ಕಲೆಗಳು ಬಿದ್ದವು. ಅಂಗೈ ಅಂಗಾಲುಗಳು ಗಂಟುಗಟ್ಟಿದವು. ಕೆಲವರಿಗೆ ಅರ್ಬುದ ರೋಗವೂ ಆಯಿತು. ವೈದ್ಯರೂ ನೀರಿನ ಪರೀಕ್ಷಕರೂ ಕೂಡಿ ಮಾಡಿದ ಶೋಧವು 2013ರಲ್ಲಿ ಪ್ರಕಟವಾಯಿತು. ನೀರು ನೋಡುವದಕ್ಕೆ ಚೆನ್ನಾಗಿಯೇ ಇದ್ದುದರಿಂದ ಜನರು ಅದನ್ನು ಬಿಡಲಿಲ್ಲ. ನಮ್ಮದು ಆ ಕಲ್ಲಲ್ಲ. ಆದಕಾರಣ ನಮ್ಮಲ್ಲಿ ವಿಚಾರಿಸಬೇಕಾದುದು ಕಲ್ಲು ಕೊಟ್ಟ ಲೋಹವನ್ನಲ್ಲ, ನಮ್ಮ ಕೈಯಿಂದ ನಾವೇ ನೀರಿನ ಬದಿಗೆ ಒಯ್ದು ಹಾಕುವ ಲೋಹವನ್ನು.

ಅದರಲ್ಲಿ ಮೊದಲನೆಯದು ತಾಮ್ರ. ತಿಕೋಟಾ, ಬಬಲೇಶ್ವರಗಳ ದ್ರಾಕ್ಷಿಯ ತೋಟಗಳನ್ನು ಬಲ್ಲವರಿಗೆ ಮೈಲುತುತ್ತವನ್ನು ಪರಿಚಯಿಸಬೇಕಾಗಿಲ್ಲ. ಚಾಟ್ನಿಯಾದ ಮೇಲೆ ಬಳ್ಳಿಗೆ, ಮೋಡ ಮುಸುಕಿದಾಗ ಡೌನಿ ರೋಗದ ಭಯದಿಂದ ಎಲೆಗೆ, ಬೋರ್ಡೋ ದ್ರಾವಣವನ್ನು ಸಿಂಪಡಿಸುವದು ವಾಡಿಕೆಯಾಗಿದೆ. ಈ ಔಷಧದ ಹುಟ್ಟು ವಿನೋದವಾದದ್ದು. ಫ್ರಾನ್ಸ್ ದೇಶದ ಬೋರ್ಡೋ ಸೀಮೆಯಲ್ಲಿ ದಾರಿಹೋಕರು ಹಣ್ಣು ಕದಿಯದಂತೆ ಬೇಲಿಯ ಬದಿಯ ಬಳ್ಳಿಗಳಿಗೆ ಮೈಲುತುತ್ತ ಸುಣ್ಣಗಳನ್ನು ಬಳಿಯುತ್ತಿದ್ದರು. ಆ ಬಳ್ಳಿಗಳಿಗೆ ರೋಗ ತಾಕದಿದ್ದುದನ್ನು 1882ರಲ್ಲಿ ಮಿಲಾರ್ಡೇ ಎಂಬ ಪಂಡಿತನು ಕಂಡು, 1885ರಲ್ಲಿ ಲೋಕಕ್ಕೆ ತಿಳಿಸಿದನು. ನಮ್ಮ ನಾಡಿನಲ್ಲಿ ಮೈಸೂರು ಕೃಷಿ ಖಾತೆಯ ಡಾಕ್ಟರ ಕೋಲ್ಮನ್ ಅವರು 1910ರ ಸುಮಾರಿಗೆ ಅಡಿಕೆಯ ಕೊಳೆರೋಗಕ್ಕೆ ಇದನ್ನೇ ರೂಢಿಗೆ ತಂದರು. ಮಲೆನಾಡಿನ ತೋಟಗಳು ಉಳಿದದ್ದು ಬಹುಮಟ್ಟಿಗೆ ಇದರಿಂದ. ಆದುದರಿಂದ ಬೋರ್ಡೋ ದ್ರಾವಣವನ್ನು ದೂರುವದು ಈ ಲೇಖಕನ ಉದ್ದೇಶವಲ್ಲ. ಅದರ ಲೆಕ್ಕವನ್ನು ಯಾರೂ ಇಡುವದಿಲ್ಲವೆಂಬುದೇ ದೂರು.

ಲೆಕ್ಕವು ಕಠಿಣವಾದದ್ದೇನೂ ಅಲ್ಲ. ಶೇಕಡಾ 1ರ ದ್ರಾವಣವೆಂದರೆ 100 ಲೀಟರ ನೀರಿಗೆ 1 ಕಿಲೋ ಮೈಲುತುತ್ತ. ಮೈಲುತುತ್ತದಲ್ಲಿ ಕಾಲು ಪಾಲು ತಾಮ್ರವಿರುತ್ತದೆ. ಎಲೆ ತುಂಬಿದ ಒಂದು ಎಕರೆ ತೋಟಕ್ಕೆ 400 ಲೀಟರ ದ್ರಾವಣ ಹಿಡಿಯಿತೆಂದರೆ ಒಂದು ಸಿಂಪಡಣೆಗೆ 4 ಕಿಲೋ ಮೈಲುತುತ್ತ, ಅಂದರೆ 1 ಕಿಲೋ ತಾಮ್ರ. ಎಲೆಯ ಮೇಲೆ ಬಿದ್ದದ್ದು ಮಳೆಯಿಂದಲೋ ಎಲೆ ಉದುರಿಯೋ ಕಡೆಗೆ ನೆಲಕ್ಕೇ ಬರುವದು. ಒಂದು ಎಕರೆಯ ಮೇಲ್ಮಣ್ಣು, ಹದಿನೈದು ಸೆಂಟಿಮೀಟರ ಆಳದವರೆಗೆ, ಸುಮಾರು 9 ಲಕ್ಷ ಕಿಲೋ ತೂಗುವದು. ವರ್ಷಕ್ಕೆ ನಾಲ್ಕು ಸಲದಂತೆ ಇಪ್ಪತ್ತೈದು ವರ್ಷ ಸಿಂಪಡಿಸಿದರೆ 100 ಕಿಲೋ ತಾಮ್ರ ಸೇರಿತು. ಮಣ್ಣಿನ ಪ್ರತಿ ಕಿಲೋಗೆ 110 ಮಿಲಿಗ್ರಾಮಿನಷ್ಟು ಹೆಚ್ಚಿದಂತಾಯಿತು. ಬಳ್ಳಿಯ ಸಾಲಿನ ಕೆಳಗೆ ಇದಕ್ಕಿಂತ ಹೆಚ್ಚು, ಸಾಲುಗಳ ನಡುವೆ ಕಡಿಮೆ. ಫ್ರಾನ್ಸಿನ ಹಳೆಯ ತೋಟಗಳಲ್ಲಿ ಹೀಗೆಯೇ ಕಿಲೋಗೆ ನೂರಾರು ಮಿಲಿಗ್ರಾಂ ತಾಮ್ರ ಕೂಡಿಕೊಂಡಿದೆ. ಆದಕಾರಣ ಐರೋಪ್ಯ ಒಕ್ಕೂಟವು 2019ರಿಂದ ಒಂದು ಹೆಕ್ಟೇರಿಗೆ ಏಳು ವರ್ಷಗಳಲ್ಲಿ 28 ಕಿಲೋ ತಾಮ್ರವನ್ನು ಮೀರಕೂಡದೆಂದು ಕಟ್ಟಳೆ ಮಾಡಿತು. ನಮ್ಮ ಲೆಕ್ಕಕ್ಕೆ ತಂದರೆ ಎಕರೆಗೆ ವರ್ಷಕ್ಕೆ 1.6 ಕಿಲೋ ಆಗುವದು. ಮೇಲೆ ಹೇಳಿದ ರೀತಿಯಲ್ಲಿ ಎರಡು ಸಲ ಸಿಂಪಡಿಸಿದರೇ ಇದನ್ನು ದಾಟಿದಂತಾಯಿತು. ಪ್ರತಿಯೊಬ್ಬ ತೋಟದ ಒಡೆಯನೂ ತಾನು ವರ್ಷಕ್ಕೆ ಎಷ್ಟು ಕಿಲೋ ಮೈಲುತುತ್ತ ಕೊಂಡನೆಂಬುದನ್ನು ಅಂಗಡಿಯ ಚೀಟಿಗಳಿಂದ ಕೂಡಿಸಿ ನೋಡಲಿ. ಉಳಿದ ತಾಮ್ರದ ಔಷಧಗಳನ್ನೂ ಮರೆಯದೆ ಸೇರಿಸಲಿ. ಅದು ಅರ್ಧ ಗಂಟೆಯ ಕೆಲಸ.

ಹಾಗಾದರೆ ಈ ತಾಮ್ರವು ಕುಡಿಯುವ ನೀರಿಗೆ ಹೋಗುವದು ಹೇಗೆ? ಎರೆಮಣ್ಣು ಲೋಹವನ್ನು ಹಿಡಿದಿಟ್ಟುಕೊಳ್ಳುವದೆಂದು ಮೇಲೆ ಹೇಳಲಾಯಿತಷ್ಟೆ. ಆದುದರಿಂದ ಅದು ಮಣ್ಣಿನಲ್ಲಿ ಇಂಗಿ ಹೋಗುವದು ಬಹು ಕಡಿಮೆ. ಮಣ್ಣಿನೊಡನೆಯೇ ಹೋಗುವದು ಹೆಚ್ಚು. ಒಡ್ಡು ಒಡೆದ ಇಳಿಜಾರಿನ ತೋಟದಿಂದ ರಾಡಿ ನೀರು ಹರಿದು ಕೆರೆಗೋ ಕೃಷಿ ಹೊಂಡಕ್ಕೋ ಸೇರಿದರೆ ಮಣ್ಣಿನ ಕಣಕ್ಕೆ ಅಂಟಿದ ತಾಮ್ರವೂ ಅಲ್ಲಿಗೆ ಸೇರಿತು. ಎರಡನೆಯ ದಾರಿ ಬೇಸಿಗೆಯ ಬಿರುಕುಗಳು. ನಮ್ಮ ಎರೆ ಹೊಲಗಳಲ್ಲಿ ಚೈತ್ರ ವೈಶಾಖದಲ್ಲಿ ಮೊಳದುದ್ದದ ಕೋಲು ಇಳಿಯುವಷ್ಟು ಬಿರುಕು ಬಿಡುವದನ್ನು ಎಲ್ಲರೂ ಬಲ್ಲರು. ಮೊದಲ ಮಳೆಯ ನೀರು ಮಣ್ಣಿನ ಮೂಲಕ ಸೋಸದೆ ಈ ಬಿರುಕುಗಳಿಂದ ನೇರವಾಗಿ ಕೆಳಗಿಳಿಯುವದು. ಕಟ್ಟೆಯಿಲ್ಲದ ಬಾವಿಯು ಹತ್ತಿರದಲ್ಲಿದ್ದರೆ ಅದಕ್ಕೂ ಇಳಿಯುವದು. ಮರಡಿಯ ತೆಳು ಮಣ್ಣಿನಲ್ಲಿ, ಅಂದರೆ ಗೇಣುದ್ದ ಮಣ್ಣಿನ ಕೆಳಗೆ ಗರಸು ಇರುವ ಭೂಮಿಯಲ್ಲಿ, ಹಿಡಿದಿಡುವ ಶಕ್ತಿಯೇ ಕಡಿಮೆ. ನಮ್ಮ ದ್ರಾಕ್ಷಿಯ ತೋಟಗಳು ಬಹಳಷ್ಟು ಇಂಥ ಭೂಮಿಯಲ್ಲಿಯೇ ಇರುತ್ತವೆಂಬುದನ್ನು ಗಮನಿಸಬೇಕು.

ಮೂರನೆಯ ದಾರಿಯು ಎಲ್ಲಕ್ಕಿಂತ ಕೆಟ್ಟದ್ದು, ಎಲ್ಲಕ್ಕಿಂತ ಸುಲಭವಾಗಿ ಮುಚ್ಚಬಹುದಾದದ್ದು. ಕೆಲವು ವರ್ಷಗಳ ಹಿಂದೆ ಈ ಲೇಖಕನು ತಿಕೋಟಾದ ಕಡೆಗೆ ಒಂದು ತೋಟಕ್ಕೆ ಹೋಗಿದ್ದಾಗ ಔಷಧ ಕಲಸುವ ಪೀಪಾಯಿಯು ಬಾವಿಯ ದಂಡೆಯ ಮೇಲೆಯೇ ಇದ್ದುದನ್ನು ಕಂಡನು. ನೀರು ಎತ್ತುವದಕ್ಕೆ ಹತ್ತಿರವೆಂದು ಹಾಗೆ ಇಟ್ಟಿದ್ದರು. ಪೀಪಾಯಿಯ ಕೆಳಗಿನ ಕಲ್ಲುಗಳು ನೀಲಿಯಾಗಿದ್ದವು. ಆ ನೀಲಿಯ ಗೆರೆಯೊಂದು ಬಾವಿಯ ಒಳಗೋಡೆಯ ಮೇಲೆ ಮೂರು ಮೊಳ ಇಳಿದಿತ್ತು. ಅದೇ ಬಾವಿಯಿಂದ ತೋಟದ ವಸ್ತಿಯ ಮೂರು ಮನೆಗಳಿಗೂ ಕೂಲಿಯವರ ಗುಡಿಸಲುಗಳಿಗೂ ನೀರು ಹೋಗುತ್ತಿತ್ತು. ಒಡೆಯರಿಗೆ ಹೇಳಿದಾಗ, "ಸಾಹೇಬರೇ, ನೀರು ಕನ್ನಡಿಯಂತಿದೆ, ನೋಡಿರಿ. ಇಪ್ಪತ್ತು ವರ್ಷದಿಂದ ಕುಡಿಯುತ್ತೇವೆ, ಯಾರಿಗೆ ಏನಾಗಿದೆ?" ಎಂದು ಕೇಳಿದರು. "ಗೌಡರೇ, ಏನೂ ಆಗಿಲ್ಲವೆಂಬುದು ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಪೀಪಾಯಿಯನ್ನು ಸರಿಸುವದಕ್ಕೆ ಖರ್ಚೇನು?" ಎಂದು ಉತ್ತರ ಕೊಡಬೇಕಾಯಿತು. ಖರ್ಚು ಇಪ್ಪತ್ತು ಮಾರು ರಬ್ಬರಿನ ಕೊಳವೆ ಮಾತ್ರ. ಅವರ ತಾಯಿಯವರು ಒಳಗಿನಿಂದ ಕೇಳಿಸಿಕೊಂಡಿದ್ದರೆಂದು ತೋರುತ್ತದೆ. ಮುಂದಿನ ಸಲ ಹೋದಾಗ ಪೀಪಾಯಿ ತೋಟದ ಆಚೆಯ ಮೂಲೆಯಲ್ಲಿತ್ತು.

ತಾಮ್ರವು ಈ ಲೋಹಗಳಲ್ಲಿ ಸೌಮ್ಯವಾದದ್ದೇ ಸರಿ. ನೀರಿನಲ್ಲಿ ಹೆಚ್ಚಾದರೆ ಹೊಟ್ಟೆ ತೊಳಸುವದು, ವಾಂತಿಯಾಗುವದು. ಮಣ್ಣಿನಲ್ಲಿ ಬಹಳ ಹೆಚ್ಚಾದರೆ ಎರೆಹುಳುಗಳು ಕಡಿಮೆಯಾಗುವವು, ಬೇರು ಮೊಂಡಾಗುವದು. ಕುಡಿಯುವ ನೀರಿನಲ್ಲಿ ಲೀಟರಿಗೆ 0.05 ಮಿಲಿಗ್ರಾಂ ಇರಬಹುದೆಂದೂ, ಬೇರೆ ನೀರು ಇಲ್ಲದಿದ್ದರೆ 1.5ರ ವರೆಗೆ ಸೈರಿಸಬಹುದೆಂದೂ ಪ್ರಮಾಣವಿದೆ. ಸೀಸಕ್ಕೆ ಇಂಥ ಸಡಿಲಿಕೆಯಿಲ್ಲ. ಅದು ಎಳೆಯ ಮಕ್ಕಳ ಬುದ್ಧಿಯನ್ನು ಕುಂದಿಸುವದು; ಇಷ್ಟರವರೆಗೆ ಬಾಧೆಯಿಲ್ಲವೆಂದು ಹೇಳಬಹುದಾದ ಪ್ರಮಾಣವೇ ತಿಳಿದಿಲ್ಲವೆಂದು ಜಾಗತಿಕ ಆರೋಗ್ಯ ಸಂಸ್ಥೆಯ ಅಭಿಪ್ರಾಯ. ಕ್ಯಾಡ್ಮಿಯಂ ಮೂತ್ರಪಿಂಡಗಳನ್ನು ಕೆಡಿಸುವದು. ಜಪಾನಿನ ಜಿಂಜೂ ನದಿಯ ದಂಡೆಯಲ್ಲಿ ಗಣಿಯ ನೀರು ಹರಿದ ಭತ್ತದ ಗದ್ದೆಗಳ ಅನ್ನವನ್ನು ಉಂಡು, ಅದೇ ನದಿಯ ನೀರನ್ನು ಕುಡಿದ ಹೆಂಗಸರ ಎಲುಬುಗಳು ಕೆಮ್ಮಿದರೂ ಮುರಿಯುವಂತಾಗಿದ್ದವು. ಅದಕ್ಕೆ ಕ್ಯಾಡ್ಮಿಯಮ್ಮೇ ಕಾರಣವೆಂದು ಅಲ್ಲಿಯ ಸರಕಾರವು ಒಪ್ಪಿಕೊಂಡದ್ದು 1968ರಲ್ಲಿ.

ನಮ್ಮ ಹಳ್ಳಿಗಳಿಗೆ ಸೀಸವು ಬರುವ ದಾರಿ ಹಳೆಯ ಬ್ಯಾಟರಿಗಳು. ಟ್ರ್ಯಾಕ್ಟರಿನ ಬ್ಯಾಟರಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸೀಸವೇ ಇರುತ್ತದೆ. ಒಳಗಿನ ನೀರು ಗಂಧಕಾಮ್ಲ. ಇದನ್ನು ಒಡೆದು ಆಮ್ಲವನ್ನು ನೆಲಕ್ಕೆ ಚೆಲ್ಲಿ, ಸೀಸವನ್ನು ಕರಗಿಸಿ ಮಾರುವ ಕೆಲಸವು ಕೈಪಂಪಿನ ಬದಿಗೋ ಹಳ್ಳದ ದಂಡೆಗೋ ನಡೆದರೆ, ಸುಣ್ಣದ ಮಣ್ಣು ಲೋಹವನ್ನು ಹಿಡಿದಿಡುವದೆಂದು ನಾವು ಮೇಲೆ ಕೊಟ್ಟ ಧೈರ್ಯವು ಅಲ್ಲಿ ಸಲ್ಲದು. ಆಮ್ಲವು ಸುಣ್ಣವನ್ನು ತಿಂದು ಲೋಹಕ್ಕೆ ದಾರಿ ಮಾಡುವದು. ಒಂದು ಗ್ರಾಂ ಸೀಸ ಕರಗಿದರೆ ಒಂದು ಲಕ್ಷ ಲೀಟರ ನೀರು ಪ್ರಮಾಣದ ಅಂಚಿಗೆ ಬರುವದು. ಹಳೆಯ ಬ್ಯಾಟರಿಯನ್ನು ಮಾರಿದವರಿಗೇ ಹಿಂದಿರುಗಿಸಬೇಕು. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಅದನ್ನು ಸರಿಯಾಗಿ ವಿಲೇವಾರಿ ಮಾಡಿಸುವ ಹೊಣೆ ತಯಾರಿಸಿದವರ ಮೇಲಿದೆ. ಊರೊಳಗೆ ಒಡೆಯುವದನ್ನು ನಿಲ್ಲಿಸುವ ಅಧಿಕಾರವು ಗ್ರಾಮದ ಹಿರಿಯರಿಗೆ ಕಾಯದೆಗಿಂತ ಹೆಚ್ಚಾಗಿ ಮಾತಿನ ಬಲದಿಂದ ಇರುತ್ತದೆ.

ಬಣ್ಣ ಬಳಿದ ಮೂರ್ತಿಗಳನ್ನು ಕುಡಿಯುವ ನೀರಿನ ಕೆರೆ ಬಾವಡಿಗಳಲ್ಲಿ ವಿಸರ್ಜಿಸುವದೂ ಇದೇ ಜಾತಿಯದು; ಅಗ್ಗದ ಬಣ್ಣಗಳಲ್ಲಿ ಸೀಸ, ಕ್ರೋಮಿಯಂಗಳಿರುತ್ತವೆ. ಮಣ್ಣಿನ ಮೂರ್ತಿಗೆ ಭಕ್ತಿಯು ಕಡಿಮೆಯಾಗುವದಿಲ್ಲ.

ನಗರದ ಕಸದಿಂದ ಮಾಡಿದ ಗೊಬ್ಬರವನ್ನು ಕೊಳ್ಳುವವರು ಒಂದು ಮಾತನ್ನು ನೆನಪಿಡಬೇಕು. 1985ರ ರಸಗೊಬ್ಬರ ನಿಯಂತ್ರಣ ಆಜ್ಞೆಯ ಮೇರೆಗೆ ಇಂಥ ಗೊಬ್ಬರದ ಒಂದು ಕಿಲೋದಲ್ಲಿ ಸೀಸವು 100, ಕ್ಯಾಡ್ಮಿಯಂ 5, ಆರ್ಸೆನಿಕ್ 10, ತಾಮ್ರ 300 ಮಿಲಿಗ್ರಾಮನ್ನು ಮೀರಕೂಡದು. ಮಾರುವವರಿಂದ ಪರೀಕ್ಷೆಯ ಪತ್ರವನ್ನು ಕೇಳುವದಕ್ಕೆ ಸಂಕೋಚಪಡಬೇಕಾಗಿಲ್ಲ. ಕೆರೆಯ ಹೂಳಿನ ವಿಷಯವೂ ಹಾಗೆಯೇ. ಹೂಳು ಹೊಲಕ್ಕೆ ಅಮೃತವೆಂಬುದು ಹಿರಿಯರ ಅನುಭವ. ಮಮದಾಪುರದಂಥ ಆದಿಲಶಾಹಿ ಕಾಲದ ಕೆರೆಗಳ ಹೂಳನ್ನು ಹೊತ್ತು ತಂದ ಹೊಲಗಳು ಇದಕ್ಕೆ ಸಾಕ್ಷಿ. ಆದರೆ ಊರಿನ ಗಟಾರ ಬಂದು ಸೇರುವ ಕೆರೆಯ ಹೂಳನ್ನು ಪರೀಕ್ಷೆಯಿಲ್ಲದೆ ತರಬಾರದು, ಅದರಲ್ಲಿಯೂ ಬಾವಿಯಿರುವ ಹೊಲಕ್ಕೆ.

ಹಳೆಯ ವಿಜಯಪುರದವರು ಈ ವಿಷಯದಲ್ಲಿ ನಮಗಿಂತ ಎಚ್ಚರದವರಾಗಿದ್ದರೆಂದು ಈ ಲೇಖಕನಿಗೆ ಅನಿಸುವದುಂಟು. ಅವರು ಪಡುವಲ ತೊರವಿಯ ಕಡೆಯಿಂದಲೂ, 1651ರಲ್ಲಿ ಮುಹಮ್ಮದ ಆದಿಲಶಹನು ಕಟ್ಟಿಸಿದ ಬೇಗಂ ತಲಾಬದಿಂದಲೂ ಊರಿಗೆ ನೀರು ತಂದದ್ದು ಬಯಲು ಕಾಲುವೆಯಲ್ಲಲ್ಲ, ನೆಲದೊಳಗೆ ಹುದುಗಿಸಿದ ಹಾದಿಗಳಲ್ಲಿ. ದಾರಿಯ ಹೊಲಗಳ ರಾಡಿ ಅದಕ್ಕೆ ಸೇರುವಂತಿರಲಿಲ್ಲ. ನೀರಿನ ನೆಲೆಯ ಮೇಲ್ಬದಿಯ ಭೂಮಿಯನ್ನು ಕಾಯುವದೆಂದರೆ ಇದೇ.

ಇನ್ನು ಪರೀಕ್ಷೆಯ ವಿಷಯ. ನಮ್ಮಲ್ಲಿ ಮಣ್ಣು ಆರೋಗ್ಯ ಪತ್ರವಿದೆ, ಅದರಲ್ಲಿ ತಾಮ್ರ "ಸಾಕಷ್ಟು" ಎಂದಿದೆ, ಆದುದರಿಂದ ಚಿಂತೆಯಿಲ್ಲ ಎಂದು ಹೇಳುವವರು ಬಹಳ. 2015ರಿಂದ ಕೊಡಲಾಗುತ್ತಿರುವ ಆ ಪತ್ರವು ಹನ್ನೆರಡು ಸಂಗತಿಗಳನ್ನು ಹೇಳುವದು. ಅದರಲ್ಲಿ ತಾಮ್ರವನ್ನು ಅಳೆಯುವದು ಬೆಳೆಗೆ ಕೊರತೆಯಾಗಿದೆಯೇ ಎಂದು ನೋಡುವದಕ್ಕಾಗಿ. ಬೇರಿಗೆ ಎಟಕುವ ಅಂಶವನ್ನು ಮಾತ್ರ ಅಳೆಯುತ್ತಾರೆ, ಮಣ್ಣಿನಲ್ಲಿರುವ ಒಟ್ಟನ್ನಲ್ಲ. ಸೀಸ, ಕ್ಯಾಡ್ಮಿಯಂ, ಆರ್ಸೆನಿಕ್ ಆ ಪತ್ರದಲ್ಲಿ ಇಲ್ಲವೇ ಇಲ್ಲ. ಪಂಚಾಯತಿಯ ನೀರಿನ ಪರೀಕ್ಷೆಯ ಪೆಟ್ಟಿಗೆಯೂ ಸೀಸವನ್ನಾಗಲಿ ಕ್ಯಾಡ್ಮಿಯಮ್ಮನ್ನಾಗಲಿ ತೋರಿಸುವದಿಲ್ಲ. ಆದಕಾರಣ ಲೋಹದ ಪರೀಕ್ಷೆ ಬೇಕೆಂದು ಪ್ರತ್ಯೇಕವಾಗಿ ಬರೆದು ಕೇಳಬೇಕು.

ಮಾದರಿ ತೆಗೆಯುವ ಕ್ರಮದಲ್ಲಿ ಒಂದು ಸೂಕ್ಷ್ಮವಿದೆ. ಸತುವಿನ ಲೇಪವುಳ್ಳ ಬುಟ್ಟಿ, ಹಿತ್ತಾಳೆಯ ಪಾತ್ರೆ, ತುಕ್ಕು ಹಿಡಿದ ಸಲಿಕೆ ಇವುಗಳಿಂದ ತೆಗೆದರೆ ಮಾದರಿಯೇ ಕೆಡುವದು. ಕಟ್ಟಿಗೆಯ ಅಥವಾ ಪ್ಲಾಸ್ಟಿಕ್ಕಿನ ಸಾಧನ ಒಳ್ಳೆಯದು. ಸಂಶಯವಿರುವ ತುಂಡಿನಲ್ಲಿ ಹತ್ತು ಹದಿನೈದು ಕಡೆ 15 ಸೆಂಟಿಮೀಟರ ಆಳದವರೆಗಿನ ಮಣ್ಣು ತೆಗೆದು ಕಲಸಿ, ನಾಲ್ಕು ಪಾಲು ಮಾಡಿ ಎದುರುಬದುರಿನ ಪಾಲುಗಳನ್ನು ಬಿಡುತ್ತ ಅರ್ಧ ಕಿಲೋಗೆ ಇಳಿಸಬೇಕು. ಅದರ ಕೆಳಗಿನ 15ರಿಂದ 30 ಸೆಂಟಿಮೀಟರಿನ ಮಣ್ಣನ್ನು ಬೇರೆ ಚೀಲದಲ್ಲಿ ಹಾಕಬೇಕು. ಇವೆರಡೇ ಸಾಲವು. ಎಂದೂ ಔಷಧ ಸಿಂಪಡಿಸದ, ಅದೇ ಬಗೆಯ ನೆರೆಯ ಭೂಮಿಯ (ಗೋಮಾಳ, ಗುಡಿಯ ಹಿತ್ತಿಲು, ಬದುವಿನ ಮೇಲಿನ ನೆಲ) ಒಂದು ಮಾದರಿಯನ್ನೂ ಕಳಿಸಬೇಕು. ಕರಿಕಲ್ಲಿನಿಂದ ಬಂದ ಸ್ವಾಭಾವಿಕ ಲೋಹವೆಷ್ಟು, ನಮ್ಮ ಕೈಯಿಂದ ಕೂಡಿದ್ದು ಎಷ್ಟು ಎಂಬುದು ಈ ಮೂರನ್ನು ಎದುರಿಟ್ಟುಕೊಂಡಾಗಲೇ ತಿಳಿಯುವದು. ಒಂದೇ ಅಂಕಿಯನ್ನು ನೋಡಿ ಹೆದರುವದೂ ಧೈರ್ಯಗೊಳ್ಳುವದೂ ಎರಡೂ ತಪ್ಪು. ನೀರಿನ ಮಾದರಿಗೆ ಪಂಪನ್ನು ಕೆಲವು ನಿಮಿಷ ಓಡಿಸಿ, ಪ್ರಯೋಗಶಾಲೆಯವರು ಕೊಡುವ ಶುದ್ಧ ಶೀಸೆಯಲ್ಲಿಯೇ ಹಿಡಿಯಬೇಕು; ಲೋಹದ ಪರೀಕ್ಷೆಯ ಶೀಸೆಗೆ ಅವರು ಆಮ್ಲ ಹಾಕಿರುತ್ತಾರಾದ್ದರಿಂದ ಅದನ್ನು ತೊಳೆದುಬಿಡಬಾರದು. ಹೀಗೆ ತೊಳೆದು ತಂದು ಎರಡು ಸಲ ಶ್ರಮಪಟ್ಟವರನ್ನು ನೋಡಿದ್ದೇವೆ.

ಪರೀಕ್ಷೆಯ ಫಲ ಬರುವವರೆಗೆ ಕೈ ಕಟ್ಟಿ ಕೂಡಬೇಕಾಗಿಲ್ಲ. ಔಷಧ ಕಲಸುವ ಸ್ಥಳವನ್ನು ಬಾವಿ, ಕೊಳವೆಬಾವಿ, ಕೆರೆಗಳಿಂದ ಕಡಿಮೆಯೆಂದರೆ ನೂರು ಅಡಿ ದೂರಕ್ಕೆ, ಇಳಿಜಾರಿನ ಕೆಳಬದಿಗೆ ಒಯ್ಯಬೇಕು. ಪೀಪಾಯಿಗೆ ನೀರು ಬಿಡುವ ಕೊಳವೆಯ ಬಾಯಿ ದ್ರಾವಣದಲ್ಲಿ ಮುಳುಗಿರಬಾರದು; ವಿದ್ಯುತ್ತು ಹೋದರೆ ದ್ರಾವಣವು ತಿರುಗಿ ಬಾವಿಗೆ ಎಳೆಯಲ್ಪಡುವದು. ದ್ರಾವಣದಲ್ಲಿ ಒಂದು ಹೊಳೆಯುವ ಕಬ್ಬಿಣದ ಚಾಕುವನ್ನು ಅದ್ದಿದಾಗ ಕೆಂಪು ಲೇಪ ಹತ್ತಿದರೆ ಸುಣ್ಣ ಸಾಲದೆಂದು ತಿಳಿದು ಇನ್ನಷ್ಟು ಹಾಕಬೇಕು; ಬಿಡಿಯಾಗಿ ಉಳಿದ ಆ ತಾಮ್ರವೇ ಎಲೆಯನ್ನು ಸುಡುವದು, ನೀರಿನೊಡನೆ ಓಡುವದು. ಉಳಿದ ದ್ರಾವಣವನ್ನು ಹಳ್ಳಕ್ಕೆ ಸುರಿಯದೆ ತೋಟಕ್ಕೇ ತೆಳುವಾಗಿ ಹೊಡೆದು ಮುಗಿಸಬೇಕು. ಬಾವಿಯ ಸುತ್ತ ಕಟ್ಟೆ, ಮೇಲ್ಬದಿಯಲ್ಲಿ ಹುಲ್ಲಿನ ಪಟ್ಟಿ, ತೋಟಕ್ಕೆ ಗಟ್ಟಿಯಾದ ಒಡ್ಡು ಇವು ಮೂರೂ ರಾಡಿಯನ್ನು ತಡೆಯುವವು. ಒಡ್ಡು ಹಾಕುವದು ನಮ್ಮ ಜಿಲ್ಲೆಗೆ ಹೊಸದಲ್ಲ. 1942ರ ಭೂಸುಧಾರಣೆಯ ಕಾಯದೆಯ ಕಾಲದಿಂದ ಇಲ್ಲಿ ಹಾಕಿದ ಒಡ್ಡುಗಳು ಮಣ್ಣನ್ನು ಉಳಿಸಿದವು. ಅವೇ ಒಡ್ಡುಗಳು ಈಗ ನೀರನ್ನೂ ಕಾಯಬಲ್ಲವು, ಒಡೆದಲ್ಲಿ ಕಟ್ಟಿಕೊಂಡರೆ.

ನೀರಿನಲ್ಲಿ ಸೀಸವಾಗಲಿ ಕ್ಯಾಡ್ಮಿಯಂ ಆಗಲಿ ಆರ್ಸೆನಿಕ್ ಆಗಲಿ ಪ್ರಮಾಣವನ್ನು ಮೀರಿದೆಯೆಂದು ತಿಳಿದ ದಿನವೇ ಆ ನೀರನ್ನು ಕುಡಿಯುವದಕ್ಕೂ ಅಡಿಗೆಗೂ ನಿಲ್ಲಿಸಿ, ಬೇರೆ ನೆಲೆಯಿಂದ ತರಿಸಬೇಕು. ಯಾರ ತಪ್ಪೆಂಬ ವಿಚಾರಣೆ ಆಮೇಲೆ ನಡೆಯಲಿ. ಮೊದಲು ನೀರು ಸಿಗಬೇಕಾದವರು ಎಳೆಗೂಸುಗಳ ಮನೆಯವರೂ ಬಸುರಿ ಹೆಂಗಸರೂ. ಕೂಲಿಯವರ ಗುಡಿಸಲುಗಳನ್ನು ಈ ಲೆಕ್ಕದಲ್ಲಿ ಬಿಡಬಾರದು. ಬಾವಿಗೆ ಕೆಂಪು ಬಣ್ಣದ ಗುರುತು ಹಾಕಿ, ಓದಲು ಬಾರದವರಿಗೂ ತಿಳಿಯುವಂತೆ ಡಂಗುರ ಹೊಡೆಯಿಸಬೇಕು.

ಮಣ್ಣಿನ ಮಾದರಿಗಳನ್ನು ಮುಂಗಾರಿಗೆ ಮುಂಚೆ, ಎಪ್ರಿಲ್ ಚಾಟ್ನಿಯ ಸಿಂಪಡಣೆ ಮೊದಲಾಗುವದಕ್ಕಿಂತ ಮೊದಲೇ ತೆಗೆಯುವದು ಅನುಕೂಲ. ನೀರಿನದನ್ನು ಎರಡು ಸಲ ತೆಗೆಯಬೇಕು: ಒಮ್ಮೆ ಬೇಸಿಗೆಯ ಕಡೆಯಲ್ಲಿ, ಇನ್ನೊಮ್ಮೆ ಮೊದಲ ದೊಡ್ಡ ಮಳೆಯಾದ ವಾರದೊಳಗೆ. ಚೀಟಿಯ ಮೇಲೆ ಸರ್ವೇ ನಂಬರು, ಮಣ್ಣಿನ ಆಳ, ಬಾವಿಯಿಂದ ಎಷ್ಟು ದೂರ, ತೋಟಕ್ಕೆ ಎಷ್ಟು ವರ್ಷ ವಯಸ್ಸು, ಹೋದ ವರ್ಷ ಎಷ್ಟು ಕಿಲೋ ಮೈಲುತುತ್ತ ಹಾಕಲಾಯಿತು ಎಂಬುದನ್ನು ಬರೆದು ತಾಲೂಕಿನ ರೈತ ಸಂಪರ್ಕ ಕೇಂದ್ರಕ್ಕೆ ತಲುಪಿಸತಕ್ಕದ್ದು.